ನಮಗಲ್ಲದ ಮಾತು ಕೇಳುತ್ತಾ ಒಂದು ದಿನ

ಕಳೆದ ಆಗಸ್ಟಿನಲ್ಲಿ ನನಗೆ ಮದ್ರಾಸ್ ಐ ಬಂತು. 52ನೇ ವಯಸ್ಸಿಗೆ ಸ್ಕೂಲು ಹುಡುಗರ ಕಾಯಿಲೆ. ಬೆಳಗ್ಗೆ ಎದ್ದರೆ ರೆಪ್ಪೆ ಎರಡೂ ಗೋಂದು ಹಚ್ಚಿದ ಹಾಗೆ ಅಂಟಿಕೊಂಡಿದ್ದವು. ಡಾಕ್ಟರು ಹನಿ ಬರೆದುಕೊಟ್ಟು, ಮೊಬೈಲು, ಟಿವಿ, ಪುಸ್ತಕ ಯಾವುದೂ ಬೇಡ ಅಂದರು. ಮನೆಯವರು ನನ್ನನ್ನು ಹಿಂದಿನ ರೂಮಿಗೆ ಹಾಕಿದರು. ಟವೆಲ್ಲು, ದಿಂಬು ಬೇರೆಯಾಯಿತು. ಊಟದ ತಟ್ಟೆ ಬಾಗಿಲ ಹತ್ತಿರವೇ ನಿಂತಿತು.

ಮೊದಲ ದಿನ ನಿದ್ದೆಯಲ್ಲಿ ಹೋಯಿತು. ಎರಡನೇ ದಿನ, ಮಂಗಳವಾರ, ಬೆಳಗ್ಗೆ ಬೇಗ ಎಚ್ಚರವಾಯಿತು. ಮಗಳು ತನ್ನ ಹಳೇ ಫೋನಿಗೆ ನ್ಯೂಸ್ ಆನ್ ಏರ್ ಆ್ಯಪ್ ಹಾಕಿ, ಒಂದು ಪುಟ್ಟ ಸ್ಪೀಕರಿಗೆ ಜೋಡಿಸಿ ತಲೆದಿಂಬಿನ ಪಕ್ಕ ಇಟ್ಟಳು. ದೇಶದ ಎಷ್ಟೋ ಆಕಾಶವಾಣಿ ನಿಲಯಗಳು ಅದರಲ್ಲಿವೆ. ಆದರೆ ನನಗೆ ಪರದೆ ನೋಡುವ ಹಾಗಿಲ್ಲ. ಅವಳು ಹಾಕಿದ್ದೇ ನಿಲಯ, ಅವರು ಆಡಿದ್ದೇ ಮಾತು.

ಮೊದಲು ಬೆಂಗಳೂರು. ಆ ಪರಿಚಿತ ರಾಗ ಬಂದಾಗ ಎದೆಯೊಳಗೆ ಏನೋ ಅಲುಗಾಡಿತು. ತಂಬೂರಿಯ ಮೇಲೆ ಪಿಟೀಲು ಎಳೆಯುವ ಆ ಧಾಟಿಯನ್ನು ಕೂರಿಸಿದವರು ವಾಲ್ಟರ್ ಕೌಫ್‌ಮನ್ ಅಂತ ನನಗೆ ಗೊತ್ತಾದದ್ದು ತುಂಬ ತಡವಾಗಿ. ಪ್ರಾಗ್‌ನಲ್ಲಿದ್ದ ಯಹೂದಿ ಸಂಗೀತಗಾರ. ಹಿಟ್ಲರ್ ಕಾಲದಲ್ಲಿ 1934ರಲ್ಲಿ ಮುಂಬಯಿಗೆ ಬಂದು, ಆಮೇಲೆ ಅಲ್ಲಿನ ರೇಡಿಯೊದಲ್ಲಿ ಕೆಲಸ ಮಾಡಿದವರು. ನಮ್ಮ ಅಜ್ಜಿ ಅದನ್ನು ಕೇಳಿಯೇ ಹಾಲು ಕರೆಯಲು ಏಳುತ್ತಿದ್ದಳು. ಎಲ್ಲಿಯ ಪ್ರಾಗ್, ಎಲ್ಲಿಯ ಸಾಗರದ ಕಡೆಯ ಕೊಟ್ಟಿಗೆ!

ಅವತ್ತು ನಾನೊಂದು ನಿಯಮ ಮಾಡಿಕೊಂಡೆ. ಹಾಡು ಬಂದರೆ ಹನಿ ಹಾಕಿಕೊಳ್ಳುವುದು, ಬಾತ್‌ರೂಮಿಗೆ ಹೋಗುವುದು, ಕಾಫಿ ಕುಡಿಯುವುದು. ಮಾತು ಬಂದರೆ ಕೇಳುವುದು. ಹಾಡು ಎಲ್ಲ ಕಡೆಯೂ ಸಿಗುತ್ತದೆ. ಮಾತು ಹಾಗಲ್ಲ.

ಚಿಂತನ ಬಂತು. ನಾಲ್ಕೈದು ನಿಮಿಷದ ಮಾತು. ಯಾರೋ ನಿವೃತ್ತ ಮೇಷ್ಟ್ರ ದನಿ. ವಿಷಯ ತಾಳ್ಮೆ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಮೂರನೇ ವಾಕ್ಯದಲ್ಲೇ ಗೊತ್ತಾಯಿತು, ಹಾಗೆಯೇ ಹೋಯಿತು. ನಿಜ ಹೇಳಬೇಕಂದರೆ ಚಿಂತನ ನನಗೆ ಯಾವತ್ತೂ ಇಷ್ಟವಾಗಿಲ್ಲ. ಬೆಳಗ್ಗೆ ಕಾಫಿಗೆ ಮುಂಚೆ ನೀತಿ ಯಾರಿಗೆ ಬೇಕು? ಆದರೆ ಆ ಮೇಷ್ಟ್ರು ಹಾಳೆ ತಿರುವಿದ ಸಣ್ಣ ಸದ್ದು ಕೇಳಿಸಿತು. ಅದು ಇಷ್ಟವಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

6.55ಕ್ಕೆ ಸಂಸ್ಕೃತ ವಾರ್ತೆ. 1974ರಿಂದ ಬರುತ್ತಿದೆ. ನನ್ನ ತಲೆಮಾರಿನವರು ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, "ಇಯಮ್ ಆಕಾಶವಾಣೀ, ಸಂಪ್ರತಿ ವಾರ್ತಾಃ ಶ್ರೂಯಂತಾಮ್, ಪ್ರವಾಚಕಃ ಬಲದೇವಾನಂದ ಸಾಗರಃ" ಅಂತ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದರಿಂದ ಮುಂದೆ ಒಂದು ಪದವೂ ಬರುವುದಿಲ್ಲ, ಅದು ಬೇರೆ ಮಾತು. ಶಿವಮೊಗ್ಗದ ಪಕ್ಕ ಮತ್ತೂರಿನಲ್ಲಿ ಸಂಸ್ಕೃತ ಆಡುವವರಿದ್ದಾರೆ, ಅವರಿಗೋಸ್ಕರ ದೆಹಲಿಯಲ್ಲಿ ಒಬ್ಬರು ಬೆಳಗ್ಗೆ ಎದ್ದು ಸುದ್ದಿ ಓದುತ್ತಾರೆ ಅಂತ ನಾನು ಚಿಕ್ಕವನಾಗಿದ್ದಾಗ ನಂಬಿದ್ದೆ. ಉಳಿದ ನಾವೆಲ್ಲ ಕದ್ದು ಕೇಳುತ್ತಿದ್ದೇವೆ ಅಂತ.

ಈಗ ಯೋಚಿಸಿದರೆ ಆ ಹುಡುಗನ ನಂಬಿಕೆ ಪೂರ್ತಿ ತಪ್ಪೇನಲ್ಲ. ರೇಡಿಯೊದ ಮುಕ್ಕಾಲು ಮಾತು ನಮಗೆ ಅಂತ ಆಡಿದ್ದಲ್ಲ. ಅಡಿಕೆ ಧಾರಣೆ ಅಡಿಕೆಯವರಿಗೆ, ಬಾಣಂತಿ ಆರೈಕೆ ಬಾಣಂತಿಯರಿಗೆ, ಗಾಳಿಯ ಮುನ್ಸೂಚನೆ ಮೀನುಗಾರರಿಗೆ. ಇರುವುದು ಒಂದೇ ಗಾಳಿ, ಒಂದೇ ಪೆಟ್ಟಿಗೆ. ಹಾಗಾಗಿ ಎಲ್ಲರ ಮಾತೂ ಎಲ್ಲರ ಕಿವಿಗೂ ಬೀಳುತ್ತದೆ. ನನ್ನ ಫೋನು ಇದಕ್ಕೆ ತದ್ವಿರುದ್ಧ. ನಾನು ಒಮ್ಮೆ ಚಪ್ಪಲಿ ನೋಡಿದರೆ ತಿಂಗಳಿಡೀ ಚಪ್ಪಲಿ ತೋರಿಸುತ್ತದೆ. ಅದರಲ್ಲಿ ಬರುವುದೆಲ್ಲ ನನಗೇ ಅಂತ ಆರಿಸಿದ್ದು. ಆರು ವರ್ಷದಿಂದ ಅದರಲ್ಲಿ ಒಬ್ಬ ಮೀನುಗಾರನೂ ನನಗೆ ಎದುರಾಗಿಲ್ಲ.

7.05ಕ್ಕೆ ಪ್ರದೇಶ ಸಮಾಚಾರ. ನಮ್ಮ ಮನೆಯಲ್ಲಿ ಇದು ಶುರುವಾದರೆ ಯಾರೂ ಕೆಮ್ಮುವ ಹಾಗಿರಲಿಲ್ಲ. ಅಪ್ಪ ಗಡಿಯಾರಕ್ಕೆ ಕೀ ಕೊಡುತ್ತಿದ್ದದ್ದೂ ಆಗಲೇ. ಮಳೆಗಾಲದಲ್ಲಿ ಜಲಾಶಯಗಳ ನೀರಿನ ಮಟ್ಟ ಓದುತ್ತಾರಲ್ಲ, ಅದು ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಕೆಆರ್‌ಎಸ್ ತುಂಬಿದರೆ 124.80 ಅಡಿ. ಲಿಂಗನಮಕ್ಕಿ 1819. ತುಂಗಭದ್ರಾ 1633. ಲಿಂಗನಮಕ್ಕಿ ಏರಿದರೆ ನಮ್ಮ ನೆಂಟರ ಮನೆಯಲ್ಲಿ ಯಾರೂ ಖುಷಿಪಡುತ್ತಿರಲಿಲ್ಲ. ಅವರ ಹಳೇ ಗದ್ದೆ ಇದ್ದದ್ದು ಅದರ ಅಡಿಯಲ್ಲೇ. ಓದುವವರಿಗೆ ಅದು ಬರೀ ಅಂಕಿ.

ಕಣ್ಣು ಮುಚ್ಚಿ ಕೇಳುವಾಗ ಒಂದು ವಿಷಯ ಗಮನಕ್ಕೆ ಬಂತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪತ್ರಿಕೆಯಲ್ಲಾದರೆ ಕಣ್ಣು ಓಡಿಸಿ ಕೊನೆ ನೋಡಿಬಿಡಬಹುದು. ರೇಡಿಯೊದಲ್ಲಿ ಆಗುವುದಿಲ್ಲ. "ರೈತರ ಬೆಳೆ ಸಾಲವನ್ನು ಪೂರ್ತಿ ಮನ್ನಾ ಮಾಡುವ ಪ್ರಸ್ತಾಪ ಸರ್ಕಾರದ ಮುಂದೆ" ಅನ್ನುವವರೆಗೆ ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಕಾಯುತ್ತಿದ್ದ. ಆಮೇಲೆ ಬರುವುದು "ಇದೆ" ಅಂತಲೋ, "ಇಲ್ಲ" ಅಂತಲೋ. ಒಂದು ಪದಕ್ಕೆ ಇಡೀ ಜಗಲಿ ಉಸಿರು ಹಿಡಿಯುತ್ತಿತ್ತು. ಒಳ್ಳೆಯ ವಾರ್ತಾ ವಾಚಕರಿಗೆ ಇದು ಗೊತ್ತು. ಉದ್ದ ವಾಕ್ಯವನ್ನು ಮುರಿಯುತ್ತಾರೆ. ಕೇಳುವವನಿಗೆ ಹಿಂದಿನ ಸಾಲಿಗೆ ಹೋಗುವ ದಾರಿ ಇಲ್ಲ ಅಂತ ನೆನಪಿಟ್ಟುಕೊಂಡಿರುತ್ತಾರೆ.

ನಿಧಾನವಾಗಿ ಓದುವುದರಲ್ಲಿ ಇನ್ನೊಂದು ಅತಿರೇಕವೂ ಇತ್ತು. ಹಿಂದಿಯಲ್ಲಿ 'ಧೀಮಿ ಗತಿ ಕೆ ಸಮಾಚಾರ್' ಅಂತ ಒಂದು ಬುಲೆಟಿನ್. ಶಾಲೆಯಲ್ಲಿ ಉಕ್ತಲೇಖನ ಕೊಡುವ ಹಾಗೆ, ಪದ ಪದ ಬಿಡಿಸಿ, ಎರಡೆರಡು ಸಲ ಹೇಳುತ್ತಿದ್ದರು. ಸುದ್ದಿ ತಾನೇ ಅಚ್ಚಾಗಿ ಬರುವ ಟೆಲಿಪ್ರಿಂಟರ್ ಯಂತ್ರ ಇಲ್ಲದ ಸಣ್ಣ ಊರಿನ ಪತ್ರಿಕೆಯವರು ಕೂತು ಬರೆದುಕೊಳ್ಳಲಿ ಅಂತ. ನಾವು ಹುಡುಗರು ಅದನ್ನು ಅಣಕಿಸಿ ನಗುತ್ತಿದ್ದೆವು. ಎಲ್ಲೋ ಒಬ್ಬರು ಪೆನ್ನು ಹಿಡಿದು ಅದಕ್ಕೇ ಕಾಯುತ್ತಿದ್ದಾರೆ ಅಂತ ನಮಗೇನು ಗೊತ್ತು.

ಮಗಳು ಕಾಲೇಜಿಗೆ ಹೊರಟಳು. ಬಾಗಿಲಲ್ಲೇ ನಿಂತು, "ಯಾವ ಊರು ಹಾಕಲಿ?" ಅಂದಳು. ಧಾರವಾಡ ಅಂದೆ. ಸಂಜೆಯವರೆಗೆ ನಾನು ಧಾರವಾಡದವನಾದೆ.

ಧಾರವಾಡ ನಿಲಯ 1950ರ ಜನವರಿಯಲ್ಲಿ ಶುರುವಾದದ್ದು. ಆಗಿನ್ನೂ ಆ ಊರು ಮುಂಬಯಿ ರಾಜ್ಯದಲ್ಲಿತ್ತು. ಚಿಕ್ಕವನಿದ್ದಾಗ ರಾತ್ರಿ ಮಾತ್ರ ಅದು ನಮಗೆ ಚೆನ್ನಾಗಿ ಸಿಗುತ್ತಿತ್ತು, 765 ಕಿಲೋಹರ್ಟ್ಸ್‌ನಲ್ಲಿ. ಹಗಲು ಬರೀ ಗೊರಗೊರ. ಇದಕ್ಕೆ ಕಾರಣ ಆಕಾಶದಲ್ಲೇ ಇದೆ. ಹಗಲಿನ ಬಿಸಿಲಿಗೆ ಮೇಲಿನ ವಾತಾವರಣದಲ್ಲಿ ಒಂದು ಪದರ ಹುಟ್ಟಿ ಮಧ್ಯಮ ತರಂಗಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗಗಳು ಇನ್ನೂ ಮೇಲಕ್ಕೆ ಹೋಗಿ, ತಟ್ಟಿ, ದೂರದಲ್ಲಿ ಕೆಳಗಿಳಿಯುತ್ತವೆ. ಅದಕ್ಕೇ ರಾತ್ರಿಯಾದರೆ ಧಾರವಾಡ, ಮದ್ರಾಸು, ಸಿಲೋನು ಎಲ್ಲ ಒಂದರ ಮೇಲೊಂದು ಬಂದು ನಮ್ಮ ಜಗಲಿಯಲ್ಲಿ ಜಗಳ ಆಡುತ್ತಿದ್ದವು. ಆ್ಯಪ್‌ನಲ್ಲಿ ಆ ಗಲಾಟೆ ಇಲ್ಲ. ಧಾರವಾಡ ಪಕ್ಕದ ರೂಮಿನಷ್ಟು ಸ್ಪಷ್ಟ. ಸ್ವಲ್ಪ ಬೇಜಾರೂ ಆಯಿತು.

ಹತ್ತಿಯ ಬಗ್ಗೆ ಒಬ್ಬ ವಿಜ್ಞಾನಿಯ ಸಂದರ್ಶನ ಬಂತು. ಗುಲಾಬಿ ಕಾಯಿಕೊರಕ ಹುಳುವನ್ನು ಹೇಗೆ ಹತೋಟಿ ಮಾಡುವುದು ಅಂತ. ಹೆಣ್ಣು ಪತಂಗದ ವಾಸನೆಯನ್ನು ಒಂದು ಪುಟ್ಟ ಬಿರಡೆಯಲ್ಲಿ ಇಟ್ಟು ಹೊಲದಲ್ಲಿ ಮೋಹಕ ಬಲೆ ಕಟ್ಟುತ್ತಾರೆ. ಗಂಡು ಪತಂಗಗಳು ಆಸೆಯಿಂದ ಬಂದು ಸಿಕ್ಕಿಬೀಳುತ್ತವೆ. ಎಷ್ಟು ಬಿದ್ದಿವೆ ಅಂತ ದಿನಾ ಎಣಿಸಿದರೆ ಔಷಧಿ ಹೊಡೆಯಬೇಕೋ ಬೇಡವೋ ಗೊತ್ತಾಗುತ್ತದೆ. ನನಗೆ ಒಂದು ಗುಂಟೆ ಹತ್ತಿಯೂ ಇಲ್ಲ. ಆದರೂ ಅರ್ಧ ಗಂಟೆ ಅಲುಗಾಡದೆ ಕೇಳಿದೆ. ಫೋನು ಮಾಡಿದ ರೈತರೊಬ್ಬರು, "ಎಣಿಸೂದು ಖರೇ ರೀ, ಆದ್ರ ರಾತ್ರಿ ಮಳಿ ಬಂದು ಬಲಿನ ಹಾರಿ ಹೋದ್ರ?" ಅಂದರು. ವಿಜ್ಞಾನಿ ನಕ್ಕರು. ಆ ನಗು ಬರೆದುಕೊಂಡು ಬಂದ ನಗು ಅಲ್ಲ.

ರೇಡಿಯೊ ಮತ್ತು ರೈತರ ಕಥೆ ದೊಡ್ಡದು. 1956ರಲ್ಲಿ ಪುಣೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಯಿತು. ಊರವರು ಒಟ್ಟಿಗೆ ಕೂತು ಕೇಳಬೇಕು, ಆಮೇಲೆ ಚರ್ಚೆ ಮಾಡಬೇಕು, ಪ್ರಶ್ನೆಗಳನ್ನು ನಿಲಯಕ್ಕೆ ಕಳಿಸಬೇಕು. 60ರ ದಶಕದಲ್ಲಿ ತಂಜಾವೂರಿನ ಕಡೆ ಎಡಿಟಿ 27 ಅನ್ನುವ ಭತ್ತದ ತಳಿ ರೇಡಿಯೊ ಮೂಲಕ ಎಷ್ಟು ಹಬ್ಬಿತೆಂದರೆ, ರೈತರು ಅದನ್ನು ರೇಡಿಯೊ ಭತ್ತ ಅಂತಲೇ ಕರೆದರು. ನಮ್ಮ ಬೆಂಗಳೂರು ನಿಲಯದ ಗ್ರಾಮೀಣ ಕಾರ್ಯಕ್ರಮದಲ್ಲಿ ಎ.ಎಸ್. ಮೂರ್ತಿಯವರು ಈರಣ್ಣನಾಗಿ ಮಾತಾಡುತ್ತಿದ್ದರು. ನಾಟಕದ ಮನುಷ್ಯ. ಕೊನೆಯವರೆಗೂ ಜನ ಅವರನ್ನು ಆಕಾಶವಾಣಿ ಈರಣ್ಣ ಅಂತಲೇ ಕರೆದರು. ಇಲಾಖೆಯ ಸುತ್ತೋಲೆಯನ್ನೇ ಓದಿದ್ದರೆ ಯಾರು ಕೇಳುತ್ತಿದ್ದರು? ಈರಣ್ಣ ಹೇಳಿದರೆ ಅದು ಕಟ್ಟೆ ಮೇಲಿನ ಮಾತು.

ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ. ರಕ್ತಹೀನತೆ, ನುಗ್ಗೆಸೊಪ್ಪು, ಕಬ್ಬಿಣದ ಮಾತ್ರೆ. ನಡುವೆ ಒಂದು ಭಾಷಣ ನೀರಸ ಅಂದರೆ ನೀರಸ. ವಿಷಯ ಸಹಕಾರ ಸಂಘಗಳ ಪಾತ್ರ. "ಪಾತ್ರ", "ಮಹತ್ವ", "ಸವಾಲುಗಳು" ಅನ್ನುವ ಪದ ತಲೆಬರಹದಲ್ಲಿ ಬಂದರೆ ಸಾಕು, ನನಗೆ ಆಕಳಿಕೆ ಬರುತ್ತದೆ. ನಿದ್ದೆ ಹೋದೆ.

ಎದ್ದಾಗ ಕಿವಿಯಲ್ಲಿ ಮತ್ತೆ ಹಾಳೆಯ ಸದ್ದು. ಬೆಳಗ್ಗೆ ಹೇಳುತ್ತೇನೆ ಅಂದಿದ್ದೆನಲ್ಲ, ಅದು ಇದು. ಕಾಲೇಜಿನಲ್ಲಿದ್ದಾಗ ಒಂದು ನಿಲಯದ ಯುವಜನರ ಕಾರ್ಯಕ್ರಮಕ್ಕೆ ನಾನೂ 10 ನಿಮಿಷದ ಭಾಷಣ ಮಾಡಿದ್ದೆ. ವಿಷಯ ಮಲೆನಾಡಿನ ಕಾಲುಸಂಕಗಳು, ಅಂದರೆ ಹಳ್ಳ ದಾಟುವ ಪುಟ್ಟ ಸೇತುವೆಗಳು. ಕಾಂಟ್ರಾಕ್ಟ್ ಅಂತ ಒಂದು ಕಾಗದ ಅಂಚೆಯಲ್ಲಿ ಬಂತು. ಅಪ್ಪ ಅದನ್ನು ದೇವರ ಮುಂದಿಟ್ಟರು. ಸ್ಟುಡಿಯೊದಲ್ಲಿ ಕಾರ್ಯಕ್ರಮ ನಿರ್ವಾಹಕರು ಮೊದಲು ಮಾಡಿದ ಕೆಲಸ ನನ್ನ ಹಾಳೆಗಳ ಪಿನ್ನು ಕಿತ್ತದ್ದು. ಒಂದೊಂದೇ ಹಾಳೆ ಪಕ್ಕಕ್ಕೆ ಸರಿಸಬೇಕು, ತಿರುವಬಾರದು, ಮೈಕಿಗೆ ಸದ್ದು ಹೋಗುತ್ತದೆ. "ಸಭೆಯಲ್ಲಿ ಮಾತಾಡಬೇಡ. ಅಡುಗೆಮನೆಯಲ್ಲಿ ಒಬ್ಬರು ಇದ್ದಾರೆ, ಅವರಿಗೆ ಹೇಳು" ಅಂದರು. ಗಾಜಿನ ಆಚೆ ಕೂತರು. ಕೆಂಪು ದೀಪ ಹತ್ತಿತು. ನಾನು ಹೆದರಿ 10 ನಿಮಿಷದ್ದನ್ನು ಏಳೂವರೆಗೆ ಮುಗಿಸಿದೆ. ಅವರು ಬೈಯಲಿಲ್ಲ. "ಇನ್ನೊಂದ್ಸಲ ಓದು. ಈ ಸಲ ಅವರು ಹಾಲು ಉಕ್ಕದ ಹಾಗೆ ನೋಡಿಕೊಳ್ಳುತ್ತಾ ಕೇಳ್ತಿದ್ದಾರೆ ಅಂದ್ಕೊ" ಅಂದರು. ಅಮ್ಮನನ್ನು ನೆನೆಸಿಕೊಂಡು ಓದಿದೆ. ಒಂಬತ್ತೂ ಮುಕ್ಕಾಲು. ಎರಡನೇ ಸಲವೂ ಹಾಳೆ ಒಮ್ಮೆ ಸರ್ ಅಂದಿತು, ಅದನ್ನು ಅವರು ಹಾಗೆಯೇ ಬಿಟ್ಟರು.

ಪ್ರಸಾರದ ದಿನ ಊರಿನವರೆಲ್ಲ ನಮ್ಮ ಮನೆಯಲ್ಲಿ. ಅಮ್ಮ ಮಾತ್ರ ಕೇಳಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡುತ್ತಿದ್ದಳು.

ಕನ್ನಡನಾಡಿನಲ್ಲಿ ರೇಡಿಯೊ ಶುರುಮಾಡಿದ್ದು ಒಬ್ಬ ಮೇಷ್ಟ್ರೇ ಅಲ್ವಾ. ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಯಾವ ಸರ್ಕಾರವೂ ಹೇಳಿರಲಿಲ್ಲ, ಅವರಿಗೇ ಹುಚ್ಚು. ಆಕಾಶವಾಣಿ ಅನ್ನುವ ಹೆಸರು ಹೊಳೆದದ್ದು ಸಾಹಿತಿ ನಾ. ಕಸ್ತೂರಿಯವರಿಗೆ ಅಂತ ಹೇಳುತ್ತಾರೆ. ಮುಂದೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೊ ಆ ಹೆಸರನ್ನು ತೆಗೆದುಕೊಂಡಿತು. 2023ರ ಮೇ ತಿಂಗಳಲ್ಲಿ ಆಲ್ ಇಂಡಿಯಾ ರೇಡಿಯೊ ಅನ್ನುವುದನ್ನು ಬಿಟ್ಟು ಇನ್ನು ಆಕಾಶವಾಣಿ ಒಂದೇ ಸಾಕು ಅಂತ ಆದೇಶವೂ ಆಯಿತು. ಮೈಸೂರಿನ ಒಂದು ಮನೆಯ ಹೆಸರು ದೇಶಕ್ಕಾಯಿತು. ಇದನ್ನು ನಾವು ಕನ್ನಡಿಗರು ಸಾಕಷ್ಟು ಜಂಬದಿಂದ ಹೇಳಿಕೊಳ್ಳುವುದಿಲ್ಲ ಅಂತ ನನ್ನ ದೂರು.

ಸಂಜೆ ಮಗಳು ಬಂದು ಸ್ವಲ್ಪ ಹೊತ್ತು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಳು. "ಇದೆಲ್ಲ ಸರ್ಕಾರದ್ದೇ ಅಲ್ವಾ ಅಪ್ಪಾ, ಅವರಿಗೆ ಬೇಕಾದ್ದನ್ನೇ ಹೇಳ್ತಾರೆ" ಅಂದಳು. ಹೌದು. ನಾನೇನು ಕುರುಡ ಭಕ್ತನಲ್ಲ, ಆ ವಾರ ಕಣ್ಣು ಕಾಣದೆ ಇದ್ದದ್ದು ಬೇರೆ. 1975ರ ಜೂನ್ 26ರ ಬೆಳಗ್ಗೆ ತುರ್ತು ಪರಿಸ್ಥಿತಿಯ ವಿಷಯವನ್ನು ಇಂದಿರಾ ಗಾಂಧಿ ದೇಶಕ್ಕೆ ಹೇಳಿದ್ದು ಇದೇ ರೇಡಿಯೊದಲ್ಲಿ. ಮುಂದಿನ ತಿಂಗಳುಗಳಲ್ಲಿ ಜನ ಇದನ್ನು ಆಲ್ ಇಂದಿರಾ ರೇಡಿಯೊ ಅಂದರು. ರೇಡಿಯೊವನ್ನು ಸರ್ಕಾರದ ಕೈಯಿಂದ ಸ್ವಾಯತ್ತ ಸಂಸ್ಥೆಗೆ ಕೊಡುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬಂದದ್ದು 1997ರಲ್ಲಿ. ಆಮೇಲೂ ಬೆಳಗಿನ ಮುಖ್ಯಾಂಶಗಳಲ್ಲಿ ಮಂತ್ರಿಗಳೇ ಜಾಸ್ತಿ. ಖಾಸಗಿ ಎಫ್‌ಎಂನವರಿಗೆ ಸ್ವಂತ ಸುದ್ದಿ ಓದುವ ಅನುಮತಿಯನ್ನೇ ಕೊಟ್ಟಿಲ್ಲ. ಹಾಗಾಗಿ ಅವರು ಬೆಳಗಿನಿಂದ ರಾತ್ರಿವರೆಗೆ ತಮಾಷೆ ಮಾಡುತ್ತಲೇ ಇರಬೇಕು, ಪಾಪ.

ಆದರೆ ಅವಳಿಗೆ ಇನ್ನೊಂದು ಕಥೆಯನ್ನೂ ಹೇಳಿದೆ. ಗಾಂಧಿ ರೇಡಿಯೊ ಸ್ಟುಡಿಯೊಗೆ ಹೋದದ್ದು ಒಂದೇ ಸಲ, 1947ರ ನವೆಂಬರ್ 12ರಂದು, ದೆಹಲಿಯಲ್ಲಿ. ದೇಶ ಒಡೆದು ಲಕ್ಷಾಂತರ ಜನ ಕುರುಕ್ಷೇತ್ರದ ಶಿಬಿರದಲ್ಲಿದ್ದರು. ಅಲ್ಲಿಗೆ ಹೋಗಲಾಗಲಿಲ್ಲ ಅಂತ ಮೈಕಿನ ಮುಂದೆ ಕೂತರು. ಮಾತು ಅವರಿಗೆ ಮಾತ್ರ. ಡೇರೆಯಲ್ಲಿ ಕೂತವರಿಗೆ. ಆದರೆ ರೇಡಿಯೊ ಇದ್ದ ಎಷ್ಟೋ ಮನೆಗಳಲ್ಲಿ, ಮಳೆ ಚಳಿ ಇಲ್ಲದ ಕೋಣೆಗಳಲ್ಲಿ, ಬೇರೆಯವರೂ ಅದನ್ನು ಕೇಳಿದರು. "ಅವರ ಕಾಗದ ಇವರು ಓದಿದ ಹಾಗೆ" ಅಂದಳು ಮಗಳು. ಎದ್ದು ಹೋಗುವಾಗ ಮಂಗಳೂರು ಹಾಕಿ ಹೋದಳು, ಕೇಳದೆಯೇ.

ಮಂಗಳೂರಿನಲ್ಲಿ ತುಳು ಬರುತ್ತದೆ, ಕೊಂಕಣಿಯೂ ಬರುತ್ತದೆ. ನನಗೆ ತುಳು ಅರ್ಧಂಬರ್ಧ. ಗದ್ದೆ ನಾಟಿಯ ಬಗ್ಗೆ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಬಿದ್ದು ಬಿದ್ದು ನಕ್ಕರು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹವಾಮಾನ ಮುನ್ಸೂಚನೆ. ಕರಾವಳಿಯಲ್ಲಿ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದ ಗಾಳಿ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ಮಳೆಗಾಲದ 61 ದಿನ ದೋಣಿ ಕಟ್ಟಿಹಾಕಿ, ಆಗಸ್ಟ್ 1ಕ್ಕೆ ಈಗಷ್ಟೇ ಹಗ್ಗ ಬಿಚ್ಚಿದವರಿಗೆ ಈ ಮಾತು. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಹಾಸಿಗೆ ಮೇಲೆ ಮಲಗಿ ನಾನು ಅದನ್ನು ಕೇಳಿದೆ. ಕಿಟಕಿ ಹಾಕಿದೆಯೋ ಇಲ್ಲವೋ ಅಂತ ಎದ್ದು ತಡವಿ ನೋಡಿದೆ.

ರಾತ್ರಿ ಭದ್ರಾವತಿ. ನನ್ನ ಹುಟ್ಟೂರಿನ ಕಡೆಯ ನಿಲಯ. 1965ರಿಂದ ಇದೆ. ಪೇಟೆ ಧಾರಣೆ ಬಂದಾಗ ಎದ್ದು ಕೂತೆ. ರಾಶಿ, ಬೆಟ್ಟೆ, ಗೊರಬಲು, ಸರಕು, ಎಲ್ಲ ಅಡಿಕೆಯ ಬಗೆಗಳು. ಕ್ವಿಂಟಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು. ಭಾವನೆಯೇ ಇಲ್ಲದ ದನಿಯಲ್ಲಿ ಓದುತ್ತಾರೆ, ಹಾಗೆಯೇ ಓದಬೇಕು. ಆ ನಾಲ್ಕು ಪದಗಳ ಮೇಲೆ ನಮ್ಮೂರಿನಲ್ಲಿ ಮದುವೆಗಳು ನಿಂತಿವೆ, ಮುಂದಕ್ಕೆ ಹೋಗಿವೆ. ನಾಟಕ ಬರಬಹುದು ಅಂತ ಕಾದೆ. ಅವತ್ತು ನಾಟಕದ ದಿನವಲ್ಲ. ಅಜ್ಜಿ ರೇಡಿಯೊ ನಾಟಕದ ಪಾತ್ರಗಳಿಗೆ ಉತ್ತರ ಕೊಡುತ್ತಿದ್ದಳು. "ಬೇಡ ಕಣೇ, ಅವನನ್ನ ನಂಬಬೇಡ" ಅಂತ ಪೆಟ್ಟಿಗೆಗೆ ಹೇಳುವುದು. ಕುದುರೆಯ ಸದ್ದಿಗೆ ತೆಂಗಿನ ಕರಟ ಕುಟ್ಟುತ್ತಾರೆ ಅಂತ ನಾನು ಒಮ್ಮೆ ಹೇಳಿಬಿಟ್ಟೆ. ಎರಡು ದಿನ ಮಾತಾಡಲಿಲ್ಲ ಅವಳು.

ಕೊನೆಗೆ ಒಂದು ಪ್ರಕಟಣೆ. ಕಾಣೆಯಾದವರ ಬಗ್ಗೆ. ವಯಸ್ಸು 68. ಎಣ್ಣೆಗೆಂಪು ಬಣ್ಣ, ದುಂಡು ಮುಖ, ಎಡ ಹುಬ್ಬಿನ ಮೇಲೆ ಹಳೇ ಗಾಯದ ಗುರುತು. ಮನೆಯಿಂದ ಹೋಗುವಾಗ ನೀಲಿ ಗೆರೆಯ ಅಂಗಿ, ಬಿಳಿ ಪಂಚೆ. ಕನ್ನಡ ಮಾತಾಡುತ್ತಾರೆ, ಮರೆವು ಇದೆ. ಸುಳಿವು ಸಿಕ್ಕಿದವರು ಠಾಣೆಗೆ ತಿಳಿಸಬೇಕು. ಅಷ್ಟೇ. ಇದನ್ನೂ ಅಡಿಕೆ ಧಾರಣೆ ಓದಿದ ಅದೇ ದನಿಯಲ್ಲಿ ಓದಿದರು. ನನಗೆ ಕಣ್ಣು ಮುಚ್ಚಿತ್ತಲ್ಲ, ಆ ಮುಖ ಪೂರ್ತಿ ಮೂಡಿತು. ಹುಬ್ಬು, ಗಾಯ, ಎಲ್ಲ. ನನ್ನ ದೊಡ್ಡಪ್ಪನ ಹಾಗೆ ಇದ್ದರು.

ಶನಿವಾರ ಕಣ್ಣು ಸರಿಯಾಯಿತು. ಕೆಲಸವಿದ್ದು ಮೆಜೆಸ್ಟಿಕ್‌ಗೆ ಹೋದೆ. ಶಿವಮೊಗ್ಗದಿಂದ ಬಂದ ಬಸ್ಸೊಂದು ನಿಂತಿತ್ತು, ಜನ ಇಳಿಯುತ್ತಿದ್ದರು. ನಾನು ಹೋಗಬೇಕಾಗಿದ್ದದ್ದು ಆಚೆ ಕಡೆ. ಆದರೂ ಕಪ್ಪು ಕನ್ನಡಕ ತೆಗೆದು, ಇಳಿದವರ ಎಡ ಹುಬ್ಬನ್ನೇ ನೋಡುತ್ತಾ, ಕೊನೆಯವರು ಇಳಿಯುವವರೆಗೆ ಅಲ್ಲೇ ನಿಂತೆ.